ಲಗ್ನಪತ್ರಿಕೆಯ ಕೊನೆಯ ಸಾಲು

ನಮ್ಮೂರಿನ ಲಗ್ನಪತ್ರಿಕೆ ಬೇರೆ ಊರಿನವರ ಕೈಗೆ ಸಿಕ್ಕರೆ ಹಾಸಿಕೊಂಡು ಮಲಗಿಬಿಟ್ಟಾರು, ಅಷ್ಟು ದೊಡ್ಡದು. ಮಡಿಕೆಗಳನ್ನೆಲ್ಲ ಬಿಚ್ಚಿದರೆ ಮೇಲೆ ದೇವರು, ಅದರ ಕೆಳಗೆ ಗಂಡು ಹೆಣ್ಣು, ಆಮೇಲೆ ಮನೆಯ ಹಿರಿಯರು, ಅವರ ಕೆಳಗೆ ಮದುವೆಗೆ ಬರುವ ಒಬ್ಬೊಬ್ಬರ ಹೆಸರೂ ಇರುತ್ತದೆ. ಇರಲೇಬೇಕು. ನಮ್ಮೂರಿನಲ್ಲಿ ಪತ್ರಿಕೆಯಲ್ಲಿ ಹೆಸರಿಲ್ಲದವರು ಚಪ್ಪರದೊಳಗೆ ಕಾಣುವುದಿಲ್ಲ. ಹೊರಗೆ ಚಪ್ಪಲಿ ಬಿಡುವವರೆಗೂ ನಗುತ್ತಾ ಮಾತಾಡುತ್ತಾ ಇರುತ್ತಾರೆ. ಒಳಗೆ ಕಾಲಿಟ್ಟರೆ ಮುಗಿಯಿತು, ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. ಕೈಗೆ ತಗಲುತ್ತಾರೆ, ಅಷ್ಟೆ. ಪತ್ರಿಕೆಯನ್ನು ಓದಿದವರಿಗೆ, ಓದಲು ಬಾರದಿದ್ದರೆ ಓದಿಸಿಕೊಂಡು ಕೇಳಿದವರಿಗೆ, ಅದರಲ್ಲಿ ಇರುವವರು ಮಾತ್ರ ಕಾಣುತ್ತಾರೆ. ಪೆನ್ನಿನಲ್ಲಿ ಬರೆದರೆ ನಡೆಯುವುದಿಲ್ಲ. ಅಚ್ಚಾಗಿರಬೇಕು.

ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದಕ್ಕೆ ಬೇರೆ ವಿಷಯಗಳೇ ಬೇಕಾದಷ್ಟಿವೆ. ಹೆಸರು ಎಷ್ಟು ದಪ್ಪ ಅಕ್ಷರದಲ್ಲಿ ಬರುತ್ತದೆ, ಯಾರ ಕೆಳಗೆ ಬರುತ್ತದೆ, ಬೀಗರ ಕಡೆಯವರು ನಮಗಿಂತ ಮೇಲೆ ಯಾಕೆ ಹೋದರು. ದಪ್ಪ ಅಕ್ಷರದವರು ಚಪ್ಪರದಲ್ಲಿ ಎದ್ದು ಕಾಣುತ್ತಾರೆ, ಸಣ್ಣ ಅಕ್ಷರದವರು ಮಾಸಲು. ಒಂದು ಸಲ ಮಸಿ ಜಾಸ್ತಿಯಾಗಿ ಒಬ್ಬರ ಹೆಸರು ಹರಡಿಕೊಂಡುಬಿಟ್ಟಿತ್ತು. ಆ ಮನುಷ್ಯ ಮದುವೆಯಿಡೀ ಹರಡಿಕೊಂಡೇ ಓಡಾಡಿದರು, ಅವರ ಹೆಂಡತಿ ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಡುಗೊರೆ ಕೊಡುವುದು ತಪ್ಪುತ್ತದೆ ಅಂತ ಹೆಸರನ್ನು ತಾವೇ ತೆಗೆಸಿಕೊಂಡು, ಬಂದು, ಉಂಡು, ಬಾಯಿ ಒರೆಸಿಕೊಂಡು ಹೋಗುವ ಜಾಣರೂ ಇದ್ದಾರೆ. ಅಂಥವರಿಗೂ, ಹೆಸರು ಬಿಟ್ಟುಹೋದ ಪಾಪದವರಿಗೂ ಸೇರಿಸಿ ಅಡುಗೆಭಟ್ಟರು ಪಂಕ್ತಿಯ ಕೊನೆಯಲ್ಲಿ ಒಂದಷ್ಟು ಎಲೆ ಖಾಲಿ ಹಾಕಿರುತ್ತಾರೆ. ಖಾಲಿ ಎಲೆಗೂ ಎಲ್ಲ ಬಡಿಸುತ್ತಾರೆ. ಎಲೆ ತಾನಾಗಿ ಮಡಿಚಿಕೊಂಡರೆ ಊಟವಾಯಿತು ಅಂತ ಎತ್ತುತ್ತಾರೆ.

ಊರಿಗಿರುವುದು ಒಂದೇ ಮುದ್ರಣಾಲಯ. ಅಪ್ಪನ ಕಾಲದ್ದು, ಈಗ ನನ್ನದು. ಊರಿಗೆಲ್ಲ ನಾನು ನೀಲಕ್ಕ. ನನಗೆ ಮದುವೆಯಾಗಲಿಲ್ಲ, ಹಾಗಾಗಿ ನನ್ನ ಹೆಸರು ಯಾವ ಪತ್ರಿಕೆಯ ಮೇಲುಗಡೆಯೂ ಬಂದದ್ದಿಲ್ಲ. ಆದರೆ ಎಲ್ಲ ಪತ್ರಿಕೆಯ ತಳದಲ್ಲೂ ಬಂದಿದೆ: ‘ಮುದ್ರಣ: ನೀಲಮ್ಮ, ಮಾರುತಿ ಮುದ್ರಣಾಲಯ.’ ಎಲ್ಲಕ್ಕಿಂತ ಸಣ್ಣ ಅಕ್ಷರ. ಅದರಿಂದಾಗಿ ಊರಿನ ಯಾವ ಮದುವೆಗೆ ಹೋದರೂ ನಾನು ಕಾಣುತ್ತೇನೆ, ಸ್ವಲ್ಪ ತೆಳ್ಳಗೆ ಕಾಣುತ್ತೇನಂತೆ. ಹೋಗಲಿ, ಹಾಗಾದರೂ ತೆಳ್ಳಗಾದೆನಲ್ಲ.

ಮರೀಗೌಡರ ಮನೆಯ ಪತ್ರಿಕೆಗಳಲ್ಲಿ ಮಾತ್ರ ಒಂದು ಹೆಸರು ಬರುತ್ತಿರಲಿಲ್ಲ. ಅದು ಅವರ ಕಿರಿಯ ಸೊಸೆ ದೇವೀರಮ್ಮನದು. ಗಂಡ ತೀರಿಕೊಂಡ ಮೇಲೆ ದೇವೀರಮ್ಮ ಮೂಲೆ ಹಿಡಿದು ಕೂರದೆ ಬಸ್ ನಿಲ್ದಾಣದ ಎದುರು ಹೋಟೆಲ್ ಇಟ್ಟಳು. ಗೌಡರು ಬೇಡ ಅಂದರು. ಇವಳು ಇಡ್ಲಿ ಪಾತ್ರೆ ತಂದಳು. ‘ಇನ್ನು ನನ್ನ ಮನೆ ಪತ್ರಿಕೇಲಿ ಅವಳ ಹೆಸರು ಬರಕೂಡದು’ ಅಂತ ಗೌಡರು ನನ್ನ ಅಂಗಡಿಗೇ ಬಂದು ಹೇಳಿ ಹೋದರು. ಮಗಳು ಕುಸುಮ ಆಗ ಪುಟ್ಟ ಹುಡುಗಿ, ತಾತನ ಮನೆಯಲ್ಲೇ ಬೆಳೆದಳು. ಅಂದಿನಿಂದ ಆ ಮನೆಯ ನಾಮಕರಣ, ಗೃಹಪ್ರವೇಶ, ಮದುವೆ ಎಲ್ಲಕ್ಕೂ ದೇವೀರಮ್ಮ ಬಂದಿದ್ದಾಳೆ, ಯಾರೂ ನೋಡಿಲ್ಲ. ಬಂದದ್ದು ಅಡುಗೆಭಟ್ಟರಿಗೆ ಮಾತ್ರ ಗೊತ್ತಾಗುತ್ತಿತ್ತು. ‘ಕೊನೆ ಎಲೇಲಿ ಚಟ್ನಿ ಹಂಗೇ ಉಳಿದಿದೆ ಅಂದ್ರೆ ಅದು ದೇವೀರಮ್ಮಂದೇ. ಬೇರೆಯೋರ ಚಟ್ನಿ ಅವ್ಳಿಗೆ ಸೇರಲ್ಲ’ ಅನ್ನುತ್ತಿದ್ದರು. ಇಷ್ಟೆಲ್ಲ ಆದರೂ ಗೌಡರ ಬೆಳಗಿನ ತಿಂಡಿ ಹೋಟೆಲಿನ ಇಡ್ಲಿಯೇ. ಆಳು ಹೋಗಿ ಕಟ್ಟಿಸಿಕೊಂಡು ಬರುತ್ತಿದ್ದ. ಯಾವ ಹೋಟೆಲಿಂದು ಅಂತ ಗೌಡರು ಕೇಳಲಿಲ್ಲ, ಅವನು ಹೇಳಲಿಲ್ಲ. ಊರಿನಲ್ಲಿ ಇದ್ದದ್ದು ಅದೊಂದೇ ಹೋಟೆಲ್.

ಕುಸುಮಳ ಮದುವೆ ಗೊತ್ತಾದ ವಾರವೇ ನನ್ನ ಅಂಗಡಿಗೆ ಹೊಸ ಮೆಷಿನ್ ಬಂತು. ಜೊತೆಗೆ ಕಂಪನಿಯವನು ಬಂದ. ಅವನು ಮಾತಾಡುವಾಗ ಕೈ ಜೋಡಿಸಿಕೊಂಡೇ ಇರುತ್ತಿದ್ದ.

‘ಮೇಡಂ, ಎಲ್ರಿಗೂ ಒಂದೇ ಥರ ಅಚ್ಚು ಹಾಕೋ ಕಾಲ ಹೋಯ್ತು,’ ಅಂದ. ‘ಇದ್ರಲ್ಲಿ ಒಂದೊಂದು ಪ್ರತೀನೂ ಬೇರೆ. ಯಾರಿಗೆ ಹೋಗುತ್ತೋ ಅವರ ಹೆಸರು ದೊಡ್ಡದಾಗಿ ಮೇಲೆ ಬರುತ್ತೆ. ಅವರಿಗಿಷ್ಟವಾದ ಬಣ್ಣ, ಅವರಿಗಿಷ್ಟವಾದ ವಾಸನೆ. ಅವರಿಗೆ ಏನು ಬೇಡವೋ ಅದು ಬರಲ್ಲ. ಮನೆಮನೆ ವಿಳಾಸಾನೂ ಅದೇ ಹಾಕುತ್ತೆ.’

‘ಬೇಡದ್ದು ಬರಲ್ಲ ಅಂದ್ರೆ?’ ಅಂದೆ.

‘ಬೇಡದ ಹೆಸರು ಬರಲ್ಲ ಮೇಡಂ. ಎಲ್ರೂ ಖುಷಿ.’

ಅವನು ಬೇರೆ ಊರಿನವನು. ನಮ್ಮೂರಿನಲ್ಲಿ ಆ ಮಾತಿಗೆ ಏನು ಅರ್ಥ ಅಂತ ಅವನಿಗೆ ಗೊತ್ತಿರಲಿಲ್ಲ, ಹೇಳಿದರೆ ನಂಬುತ್ತಲೂ ಇರಲಿಲ್ಲ. ನನಗೆ ಮಾತ್ರ ದೇವೀರಮ್ಮ ನೆನಪಾದಳು. ಅಲ್ಲಿಯವರೆಗೆ ಪತ್ರಿಕೆ ಅಂದರೆ ಊರಿಗೆಲ್ಲ ಒಂದು. ಒಬ್ಬರಿಗಾಗಿ ಒಂದು ಪ್ರತಿ ಬೇರೆಯಾಗಿ ಹೊಡೆಯಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ಅಚ್ಚಿನ ಮನೆಯಲ್ಲೇ ಹುಟ್ಟಿ ಬೆಳೆದ ನನ್ನ ತಲೆಗೂ ಹೊಳೆದಿರಲಿಲ್ಲ.

ಸುದ್ದಿ ಊರಲ್ಲಿ ಹರಡಿದ ಮೇಲೆ ಅಂಗಡಿಯ ಮುಂದೆ ಸಾಲು ನಿಂತಿತು. ಒಬ್ಬರು ಬಂದು ತಮಗೆ ಬರುವ ಪ್ರತಿಯಿಂದ ಭಾವಮೈದುನನ ಹೆಸರು ತೆಗೆಸಿದರು. ಇನ್ನೊಬ್ಬರು ಪಕ್ಕದ ಮನೆಯವರದು. ಒಬ್ಬ ಗಂಡ ಬಂದು ಆಚೆ ಈಚೆ ನೋಡಿ ಹೆಂಡತಿಯ ಹೆಸರು ತೆಗೆಸಿದ. ಅವನು ಹೋದ ಸ್ವಲ್ಪ ಹೊತ್ತಿಗೆ ಅವಳೇ ಬಂದು, ‘ನೀಲಕ್ಕ, ನಮ್ಮೆಜಮಾನ್ರಿಗೆ ಹೇಳ್ಬೇಡ,’ ಅಂತ ಅವನದನ್ನು ತೆಗೆಸಿದಳು. ಹಾಲಿನ ಡೈರಿಯ ಕಾರ್ಯದರ್ಶಿ ತಮ್ಮದೊಂದು ಬಿಟ್ಟು ಮಿಕ್ಕ ಅತಿಥಿಗಳನ್ನೆಲ್ಲ ತೆಗೆಸಿದರು, ‘ಒಂದ್ಸಲನಾದ್ರೂ ನೆಮ್ಮದಿಯಾಗಿ ಊಟ ಮಾಡ್ಬೇಕಮ್ಮ’ ಅಂತ. ನಾನು ಎಲ್ಲರಿಗೂ ಹೂಂ ಅಂದೆ. ನನಗೆ ಬೇಕಿದ್ದದ್ದು ಒಂದೇ ಪ್ರತಿ, ಕುಸುಮಳದು.

ಮರೀಗೌಡರು ತಮ್ಮ ಪ್ರತಿ ನೋಡಿ ಒಪ್ಪಲು ಬಂದರು. ಅವರಿಗೆ ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸವಿಲ್ಲ. ಕನ್ನಡಕ ಹಾಕಿ, ಸಾಲಿನ ಕೆಳಗೆ ಬೆರಳಿಟ್ಟು, ಮೇಲಿನ ‘ಶ್ರೀ’ಯಿಂದ ಹಿಡಿದು ಕೊನೆಯ ನನ್ನ ಹೆಸರಿನವರೆಗೆ ಗಟ್ಟಿಯಾಗಿ ಓದುತ್ತಾರೆ. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಮೇಲಿನಿಂದ ಶುರು. ಅವರ ಪ್ರತಿಗೆ ನಶ್ಯದ ವಾಸನೆ ಹಾಕಿದ್ದೆ. ಓದಿ ಮುಗಿಸಿ ಎರಡು ಸಲ ಸೀನಿ, ‘ಚೆನ್ನಾಗಿದೆ ಕಣಮ್ಮ. ಧಾರೆ ಎರೆಯೋಳು ದೊಡ್ಡ ಸೊಸೆ ಪುಟ್ಟಮ್ಮಣ್ಣಿ ಅಂತ ಹಾಕಿದೀಯ ತಾನೆ? ಸರಿ,’ ಅಂದರು.

ಅವರ ಹಿಂದೆಯೇ ಕುಸುಮ ಬಂದಿದ್ದಳು. ತಾತ ಮೆಟ್ಟಿಲು ಇಳಿಯುವವರೆಗೆ ಕಾದು ನನ್ನ ಹತ್ತಿರ ಬಂದಳು.

‘ನೀಲಕ್ಕ, ನನ್ನ ಪ್ರತೀಲಿ ಯಾರನ್ನೂ ತೆಗೀಬೇಡಿ. ಒಂದು ಹೆಸರು ಸೇರ್ಸಿ. ನನಗೆ ಅಮ್ಮ ಕಾಣಬೇಕು. ಬೇರೆಯೋರಿಗೆ ಕಾಣ್ದಿದ್ರೂ ಪರವಾಗಿಲ್ಲ. ಧಾರೆ ಹೊತ್ತಲ್ಲಿ ನನ್ನ ಪಕ್ಕ ಅಮ್ಮ ನಿಂತಿರೋದು ನನಗೆ ಕಾಣಬೇಕು, ಅಷ್ಟೆ.’

ಅಷ್ಟು ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ಅವಳ ಎದುರು ಅಳಬಾರದು ಅಂತ ಮೆಷಿನ್ನಿಗೆ ಬೈಯುತ್ತಾ ಕೂತೆ. ಬೈಯುವುದಕ್ಕೆ ಕಾರಣವೂ ಇತ್ತು. ಈ ಮೆಷಿನ್ನಿಗೆ ಸಾಲು ಇಷ್ಟು ಅಂತ ಒಮ್ಮೆ ಒಪ್ಪಿಸಿದ ಮೇಲೆ ತೆಗೆಯಬಹುದು, ಬದಲಿಸಬಹುದು, ಸೇರಿಸುವ ಹಾಗಿಲ್ಲ. ಕಂಪನಿಯವನಿಗೆ ಫೋನ್ ಮಾಡಿದರೆ ಅದನ್ನೂ ಕೈ ಜೋಡಿಸಿಕೊಂಡೇ ಹೇಳಿದನೇನೋ. ದೇವೀರಮ್ಮ ಬರಬೇಕಾದರೆ ಯಾರಾದರೂ ಒಬ್ಬರು ಹೋಗಬೇಕು. ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಎಲ್ಲವೂ ಗೌಡರು ಕರೆದವರ ಹೆಸರು, ಯಾರನ್ನೂ ತೆಗೆಯಬೇಡಿ ಅಂತ ಹುಡುಗಿ ಬೇರೆ ಹೇಳಿದ್ದಾಳೆ. ಅಷ್ಟು ದೊಡ್ಡ ಹಾಳೆಯಲ್ಲಿ ನನ್ನದು ಅಂತ ಇದ್ದದ್ದು ಕೊನೆಯ ಸಾಲು ಒಂದೇ. ಅದನ್ನು ಅಳಿಸಿ ಅಲ್ಲಿ ‘ಶ್ರೀಮತಿ ದೇವೀರಮ್ಮ, ವಧುವಿನ ತಾಯಿ’ ಅಂತ ಹಾಕಿದೆ. ಮದುವೆಯ ದಿನ ಹುಡುಗಿ ನನ್ನನ್ನು ನೋಡಿ ಮಾಡುವುದೇನಿದೆ ಅಂದುಕೊಂಡೆ. ಅದೇ ಪ್ರತಿ ಇನ್ನೊಂದು ತೆಗೆದು ದೇವೀರಮ್ಮನಿಗೆ ಕೊಟ್ಟು ಬಂದೆ. ಅವಳು ಕೈಯ ಹಿಟ್ಟು ತೊಳೆದುಕೊಂಡು ಬಂದು ಓದಿದಳು. ಎರಡು ದೋಸೆ ಹಾಕಿಕೊಟ್ಟಳು.

ಮದುವೆಯ ದಿನ ಬೆಳಿಗ್ಗೆ ಚಪ್ಪರದಲ್ಲಿ ನಡೆದದ್ದನ್ನು ಪೂರ್ತಿ ಕಂಡವಳು ನಾನೊಬ್ಬಳೇ. ಎಲ್ಲರ ಪ್ರತಿಯನ್ನೂ ಓದಿದ್ದವಳು ನಾನೊಬ್ಬಳೇ ತಾನೆ. ಜನ ಒಳಗೆ ಬಂದವರೇ ಮುಖ ಅರಳಿಸಿಕೊಂಡರು. ಅವರವರಿಗೆ ಬೇಕಾದವರು ಬಿಟ್ಟು ಬೇರೆ ನರಪಿಳ್ಳೆಯೂ ಇಲ್ಲ. ಖಾಲಿ ಕುರ್ಚಿ ಅಂತ ಕೂತರು, ಅದರಲ್ಲಿ ಆಗಲೇ ಬೇರೆಯವರು ಕೂತಿದ್ದರು. ಕೆಳಗಿದ್ದವರು ಯಾಕೋ ಇವತ್ತು ಮೈ ಭಾರ ಅಂದುಕೊಂಡು ಸುಮ್ಮನಾದರು. ಆ ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಅಕ್ಕಪಕ್ಕ ಕೂತು, ಇಬ್ಬರೂ ಕಾಲು ಚಾಚಿಕೊಂಡು, ಇಷ್ಟು ಆರಾಮದ ಮದುವೆ ನೋಡಿಯೇ ಇಲ್ಲ ಅನ್ನುವಂತೆ ನಗುತ್ತಿದ್ದರು. ಡೈರಿ ಕಾರ್ಯದರ್ಶಿಗಳು ಬಾಗಿಲಲ್ಲೇ ನಿಂತು ಲೊಚಗುಟ್ಟಿದರು, ‘ಪಾಪ, ಗೌಡರಿಗೆ ಹಿಂಗಾಗ್ಬಾರದಿತ್ತು. ಒಂದು ನಾಯೀನೂ ಬಂದಿಲ್ವಲ್ಲ,’ ಅಂತ. ಆಮೇಲೆ ಎಂಟು ಜನರ ಕಾಲು ತುಳಿದುಕೊಂಡು ಮುಂದಿನ ಸಾಲಿಗೆ ಹೋದರು.

ದೇವೀರಮ್ಮ ಮಾಸಲು ಹಸಿರು ಸೀರೆ ಉಟ್ಟು ಬಂದಳು. ಕೊನೆಯ ಸಾಲಿನ ಸಣ್ಣ ಅಕ್ಷರವಾದ್ದರಿಂದ ತೆಳ್ಳಗೆ ಕಂಡಳು. ಅವಳಿಗೆ ನಾನು ಕಾಣುವಂತಿರಲಿಲ್ಲ, ನನ್ನನ್ನು ದಾಟಿಕೊಂಡೇ ಮಂಟಪದ ಹತ್ತಿರ ಹೋದಳು. ಕುಸುಮ ಹಸೆಮಣೆಯಿಂದ ತಲೆ ಎತ್ತಿದಳು. ಆ ಮುಖ ನಾನು ಸಾಯುವವರೆಗೆ ಮರೆಯುವುದಿಲ್ಲ. ಚಿಕ್ಕ ಹುಡುಗಿ ಶಾಲೆಯ ಗೇಟಿನಲ್ಲಿ ಅಮ್ಮನನ್ನು ಕಂಡಾಗ ಇರುತ್ತದಲ್ಲ, ಹಾಗಿತ್ತು. ಮದುಮಗ ಯೋಗೇಶ ಅವಳು ನೋಡಿದ ಕಡೆ ನೋಡಿದ. ಅವನಿಗೆ ಬಾಳೆಕಂಬ ಕಂಡಿತು. ಬಾಳೆಕಂಬ ನೋಡಿ ಇಷ್ಟು ಸಂತೋಷಪಡುವ ಹುಡುಗಿ ಒಳ್ಳೆಯವಳೇ ಇರಬೇಕು ಅಂದುಕೊಂಡು ಅವನೂ ಬಾಳೆಕಂಬಕ್ಕೆ ಒಂದು ನಗು ನಕ್ಕ.

ಧಾರೆಯ ಹೊತ್ತಾಯಿತು. ಪುಟ್ಟಮ್ಮಣ್ಣಿ ಗಿಂಡಿ ಎತ್ತಿಕೊಂಡು ನಿಂತರು. ಗಂಡಿನ ಕೈ ಮೇಲೆ ಹೆಣ್ಣಿನ ಕೈ, ಅದರ ಮೇಲೆ ತೆಂಗಿನಕಾಯಿ. ಪುರೋಹಿತರು ಮೈಕಿನ ಮುಂದೆ ಮಂತ್ರ ಶುರು ಮಾಡಿದರು. ದೇವೀರಮ್ಮ ಹಿಂದೆ ಸರಿದು ನಿಂತಿದ್ದಳು. ಅಷ್ಟರಲ್ಲಿ ಕುಸುಮ ಕತ್ತು ತಿರುಗಿಸಿ ಹೇಳಿದಳು, ‘ಅಮ್ಮ, ನೀನೂ ಹಿಡ್ಕೋ.’

ದೇವೀರಮ್ಮ ಬೇಡ ಅನ್ನುವಂತೆ ತಲೆಯಾಡಿಸಿದಳು. ‘ಹಿಡ್ಕೋ ಅಮ್ಮ,’ ಅಂತ ಮಗಳು ಮತ್ತೆ ಅಂದಳು. ತಾಯಿ ಎರಡು ಹೆಜ್ಜೆ ಮುಂದೆ ಬಂದು ಗಿಂಡಿಯ ಕತ್ತು ಹಿಡಿದಳು.

ಹಿಡಿದದ್ದಷ್ಟೇ, ಪುಟ್ಟಮ್ಮಣ್ಣಿ ‘ಅಯ್ಯಯ್ಯೋ’ ಅಂತ ಕಿರುಚಿ ಕೈ ಬಿಟ್ಟರು. ‘ಯಾರೋ ಎಳೀತಿದಾರೆ! ತಣ್ಣಗಿನ ಕೈ!’ ಗಿಂಡಿ ಬೀಳಲಿಲ್ಲ. ಗಾಳಿಯಲ್ಲಿ ನಿಂತುಕೊಂಡಿತು. ಅಲ್ಲಿಯವರೆಗೆ ಊರಿನ ಜನ ತಮತಮಗೆ ಬೇಕಾದ ಒಂದೊಂದು ಮದುವೆ ನೋಡುತ್ತಿದ್ದರು. ಆ ಗಿಂಡಿ ಮಾತ್ರ ಎಲ್ಲರಿಗೂ ಕಂಡಿತು. ವಾಲಗದವರು ಊದುವುದನ್ನು ನಿಲ್ಲಿಸಿದರು.

ಮರೀಗೌಡರು ಕೋಲೂರಿಕೊಂಡು ಮಂಟಪಕ್ಕೆ ಬಂದರು. ಗಿಂಡಿಯ ಸುತ್ತ ಒಂದು ಸುತ್ತು ನೋಡಿದರು.

‘ಯಾರು ಹಿಡ್ಕೊಂಡಿರೋದು?’

‘ಅಮ್ಮ, ತಾತ,’ ಅಂದಳು ಕುಸುಮ. ತಲೆ ತಗ್ಗಿಸಲಿಲ್ಲ. ‘ನನ್ನ ಪತ್ರಿಕೇಲಿ ಅಮ್ಮನ ಹೆಸರಿದೆ.’

‘ಎಲ್ಲಿ? ಕೊಡು.’

ಕುಸುಮಳ ಕೈ ಯೋಗೇಶನ ಕೈ ಮೇಲಿತ್ತು. ಪತ್ರಿಕೆ ಅವಳ ಮಡಿಲಿನಲ್ಲಿ ಮಡಿಚಿಟ್ಟಿತ್ತು. ಗೌಡರೇ ಬಗ್ಗಿ ತೆಗೆದುಕೊಂಡು ಬಿಚ್ಚಿದರು. ಕನ್ನಡಕ ಹಾಕಿದರು. ಆ ಹಾಳೆಯನ್ನು ಎರಡಾಗಿ ಹರಿದರೆ ಹುಡುಗಿಗೆ ಈ ಚಪ್ಪರದಲ್ಲಿ ಅಮ್ಮ ಮತ್ತೆ ಕಾಣುವುದಿಲ್ಲ. ಹರಿದ ಪತ್ರಿಕೆಗೆ ನಮ್ಮೂರಿನಲ್ಲಿ ಬೆಲೆಯಿಲ್ಲ.

‘ಕೊನೇ ಸಾಲು ತಾತ,’ ಅಂದಳು ಕುಸುಮ.

‘ಪತ್ರಿಕೆ ಅಂದ್ಮೇಲೆ ಮೇಲಿಂದ ಓದ್ಬೇಕು,’ ಅಂದರು ಗೌಡರು. ಬೆರಳಿಟ್ಟು ಗಟ್ಟಿಯಾಗಿ ಶುರು ಮಾಡಿದರು. ‘ಶ್ರೀ…’

ಪುರೋಹಿತರ ಮೈಕು ಗೌಡರ ಬಾಯಿಯ ಮುಂದೆಯೇ ಇತ್ತು.

ಒಂದೊಂದೇ ಹೆಸರು ಚಪ್ಪರದ ಮೂಲೆಮೂಲೆಗೆ ಕೇಳಿಸಿತು. ಯಾರ ಪ್ರತಿಯಲ್ಲೂ ಉಳಿಯದವರು, ಅರ್ಧ ಊರಿನ ಪ್ರತಿಯಿಂದ ಹೆಸರು ಹೋದವರು ಎಲ್ಲರೂ ಕುಸುಮಳ ಪ್ರತಿಯಲ್ಲಿ ಇದ್ದರು. ಹೆಸರು ಓದಿದ ಹಾಗೆಲ್ಲ ಒಬ್ಬೊಬ್ಬರೇ ಕಾಣಿಸಿಕೊಂಡರು. ‘ಏಯ್, ನನ್ನ ತೊಡೆ ಮೇಲಿಂದ ಏಳೋ!’ ಅಂತ ಒಬ್ಬರು. ‘ನೀನಾ? ಆಗಿಂದ ನನ್ನ ಕಾಲು ತುಳೀತಿರೋನು ನೀನಾ?’ ಅಂತ ಇನ್ನೊಬ್ಬರು. ಸೋಫಾದ ಮೇಲಿನ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡು, ‘ನನ್ನ ಹೆಸರು ತೆಗೆಸಿದ್ಯಾ?’ ಅಂತ ಒಟ್ಟಿಗೆ ಕೇಳಿ, ಒಟ್ಟಿಗೆ ಬಾಯಿ ಮುಚ್ಚಿಕೊಂಡರು. ಡೈರಿ ಕಾರ್ಯದರ್ಶಿಗಳು ಸುತ್ತ ತುಂಬಿಕೊಂಡ ಜನರನ್ನು ನೋಡಿ ‘ಇಷ್ಟು ಬೇಗ ಎಲ್ಲಿಂದ ಬಂದ್ರು’ ಅಂತ ಬೆವರು ಒರೆಸಿಕೊಂಡರು. ಗದ್ದಲ ಜೋರಾಯಿತು. ಯಾರೋ ಕೆಮ್ಮಿದರು. ಗೌಡರು ನಿಲ್ಲಿಸಿ, ಮತ್ತೆ ‘ಶ್ರೀ’ಯಿಂದ ಶುರು ಮಾಡಿದರು.

ಆಮೇಲೆ ಒಬ್ಬರೂ ಉಸಿರೆತ್ತಲಿಲ್ಲ. ಪುರೋಹಿತರು ಗಡಿಯಾರ ನೋಡಿದರು, ಮುಹೂರ್ತ ಮೀರುತ್ತಿದೆ ಅಂತ ಕಣ್ಸನ್ನೆ ಮಾಡಿದರು. ಗೌಡರಿಗೆ ಅದು ಕಾಣಲಿಲ್ಲ. ತುಂಬಿದ ಹಿತ್ತಾಳೆ ಗಿಂಡಿ, ದೇವೀರಮ್ಮ ಎಷ್ಟು ಹೊತ್ತು ಹಿಡಿದಾಳು? ಬೆಳಗಿನ ಜಾವದಿಂದ ಹಿಟ್ಟು ರುಬ್ಬಿದ ಕೈ. ಮೊದಲು ಗಿಂಡಿ ನಡುಗಿತು. ಆಮೇಲೆ ಸ್ವಲ್ಪ ಓರೆಯಾಯಿತು. ಒಂದೆರಡು ಹನಿ ತೆಂಗಿನಕಾಯಿಯ ಮೇಲೆ ತೊಟ್ಟಿಕ್ಕಿತು. ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅದು ಮಗಳಿಗೂ ನನಗೂ ಮಾತ್ರ ಕಾಣುತ್ತಿತ್ತು.

ಗೌಡರ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಓದಲಿಲ್ಲ. ತುಟಿ ಮಾತ್ರ ಅಲುಗಿತು. ಜೀವನದಲ್ಲಿ ಮೊದಲ ಸಲ ಅವರು ಮನಸ್ಸಿನಲ್ಲೇ ಓದಿಕೊಂಡದ್ದನ್ನು ನಾನು ನೋಡಿದೆ. ಕತ್ತೆತ್ತಿ ಗಿಂಡಿಯ ಕಡೆ ನೋಡಿದರು. ಈಗ ಅವರಿಗೆ ಅವಳು ಕಾಣುತ್ತಿದ್ದಳು, ಅವರೊಬ್ಬರಿಗೆ. ಅಲ್ಲಿಗೇ ಹಾಳೆ ಮಡಿಚಿಬಿಟ್ಟರೆ ಊರಿನ ಮಟ್ಟಿಗೆ ಅವಳು ಅಲ್ಲಿ ಇರಲಿಲ್ಲ. ‘ಗೌಡ್ರೇ, ಗಂಡನಿಲ್ಲದೋರು ಧಾರೆ…’ ಅಂತ ಪುರೋಹಿತರು ಮೆಲ್ಲಗೆ ಶುರು ಮಾಡಿದರು.

ಗೌಡರು ಗಂಟಲು ಸರಿಮಾಡಿಕೊಂಡು ಓದಿದರು. ‘ಶ್ರೀಮತಿ ದೇವೀರಮ್ಮ. ವಧುವಿನ ತಾಯಿ.’

ಗಿಂಡಿಯ ಹಿಂದೆ ಹಸಿರು ಸೀರೆಯ ಹೆಂಗಸು ಊರಿಗೆಲ್ಲ ಕಂಡಳು. ಅಡುಗೆಭಟ್ಟರು ಸೌಟು ಹಿಡಿದುಕೊಂಡೇ ಓಡಿ ಬಂದು ನೋಡಿದರು. ಗೌಡರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಸೊಸೆಯ ಜೊತೆ ಅವರು ಮಾತು ಬಿಟ್ಟು ಒಂದು ಕಾಲವಾಗಿತ್ತು.

‘ಗಿಂಡಿ ಓರೆಯಾಗಿದೆ,’ ಅಂದರು. ‘ನೆಟ್ಟಗೆ ಹಿಡಿಯಮ್ಮ.’

ದೇವೀರಮ್ಮ ನೆಟ್ಟಗೆ ಹಿಡಿದಳು. ವಾಲಗ ಮೊಳಗಿತು. ಧಾರೆ ಸುರಿಯಿತು. ಪುಟ್ಟಮ್ಮಣ್ಣಿ ಕೂಡ ಬಂದು ಇನ್ನೊಂದು ಕಡೆ ಕೈ ಕೊಟ್ಟರು, ‘ಮೊದ್ಲೇ ಹೇಳೋದಲ್ವಾ, ಜೀವ ಹೋಗಿತ್ತು ನಂಗೆ’ ಅಂತ ಗೊಣಗುತ್ತಾ. ನಾನು ಹಿಂದೆ ನಿಂತು ಹೋ ಅಂತ ಅತ್ತೆ. ತೆಳ್ಳಗೆ ಕಾಣುವವಳು ಅತ್ತರೆ ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಅದೊಂದು ಅನುಕೂಲ.

ಊಟದ ಪಂಕ್ತಿಯಲ್ಲಿ ದೇವೀರಮ್ಮ ಗೌಡರ ಎದುರು ಸಾಲಿನಲ್ಲಿ ಕೂತಳು. ಚಟ್ನಿ ಅವತ್ತೂ ಮುಟ್ಟಲಿಲ್ಲ. ‘ಅವ್ಳು ಬಿಟ್ಟಿದ್ದು ಸರಿಯಾಗೇ ಇದೆ, ಚಟ್ನಿಗೆ ಉಪ್ಪಿಲ್ಲ’ ಅಂತ ಗೌಡರು ಭಟ್ಟರಿಗೆ ಕೂಗಿ ಹೇಳಿದರು.

ಊಟವಾದ ಮೇಲೆ ಕುಸುಮ ಗಂಡನನ್ನೂ ಅಮ್ಮನನ್ನೂ ಕರೆದುಕೊಂಡು, ತಟ್ಟೆಯಲ್ಲಿ ತಾಂಬೂಲ ಇಟ್ಟುಕೊಂಡು ಚಪ್ಪರವೆಲ್ಲ ಹುಡುಕಿದಳು. ‘ನೀಲಕ್ಕ ಬಂದೇ ಇಲ್ವಾ? ಅಮ್ಮ, ನೀನು ನೋಡಿದ್ಯಾ?’ ದೇವೀರಮ್ಮ ಇಲ್ಲ ಅಂದಳು. ಅವರಿಬ್ಬರ ಪ್ರತಿಯಲ್ಲಿ ನಾನಿರಲಿಲ್ಲ. ನಾನು ಅವರಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ‘ಇಲ್ಲೇ ಇದೀನಿ ಕಣೇ’ ಅಂದೆ. ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ಅಂದೆ.

ಯೋಗೇಶನಿಗೆ ಅವನ ಪ್ರತಿಯಿಂದ ನಾನು ಕಂಡೆ. ‘ಅಲ್ಲಿದಾರಲ್ಲ, ಆ ಕಂಬದ ಹತ್ರ,’ ಅಂತ ಕೈ ತೋರಿಸಿದ. ಹೊಸ ಮದುಮಗ, ಕೈತುಂಬ ಹೂವಿನ ದಂಡೆ, ಬೆರಳು ಎತ್ತಲೋ ಹೋಯಿತು. ಕುಸುಮ ಆ ಕಡೆಗೇ ನಡೆದು ಬಾಳೆಕಂಬದ ಮುಂದೆ ನಿಂತಳು. ತಟ್ಟೆಯನ್ನು ನೆಲದ ಮೇಲಿಟ್ಟಳು. ಅಮ್ಮ ಮಗಳು ಇಬ್ಬರೂ ಸೆರಗು ಹೊದ್ದು, ಬಗ್ಗಿ, ಬಾಳೆಕಂಬದ ಬುಡಕ್ಕೆ ಕೈ ಚಾಚಿದರು.

ನಾನೇ ಬೇಗ ಸರಿದು ಅಲ್ಲಿ ಹೋಗಿ ನಿಂತುಕೊಂಡೆ.